ಠಾಣೆಯಲ್ಲೊಂದು ಮಡಚುವ ಕುರ್ಚಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೂರದ ಒಂದು ದೇಶದ ಪೊಲೀಸ್ ಸುಧಾರಣೆ ಒಂದು ಮಧ್ಯಾಹ್ನದ ಮಟ್ಟಿಗೆ ಮುಗ್ಗರಿಸಿ ಬಿದ್ದದ್ದು ನನ್ನಿಂದ. ನಾನು ಮಂತ್ರಿಯೂ ಅಲ್ಲ, ಸೇನಾಧಿಪತಿಯೂ ಅಲ್ಲ. ಆಗ ಲಾಸ್ ಏಂಜಲಿಸ್ ಪಕ್ಕದ ನಾರ್ತ್‌ರಿಜ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ರೂಮ್‌ಮೇಟುಗಳ ಮೊಸರನ್ನು ನನ್ನದೆಂದೇ ಭಾವಿಸಿ ತಿನ್ನುತ್ತಿದ್ದ ವಿದ್ಯಾರ್ಥಿ. ಮಾಡಿದ್ದೂ ಘನಕಾರ್ಯವೇನಲ್ಲ. ಒಬ್ಬರು ಕೆಮ್ಮುವ ಹಾಗೆ ಕೆಮ್ಮಿ ತೋರಿಸಿದೆ, ಅಷ್ಟೆ.

ಇದು ನಿನ್ನೆ ನೆನಪಾದದ್ದು ಸ್ಯಾನ್ ಡಿಯಾಗೋದ ಕರ್ನಿ ಮೆಸಾದ ದೋಸೆ ಹೋಟೆಲಿನಲ್ಲಿ. ಶನಿವಾರ, ಬಾಗಿಲಾಚೆಯವರೆಗೆ ಜನ, ಒಳಗಿಂದ ತುಪ್ಪದ ಘಮ. ಕೌಂಟರಿನ ಹುಡುಗನಿಗೆ ನನ್ನ ಮುಖ ನೋಡಿ ಕನಿಕರ ಬಂದಿರಬೇಕು. ಒಳಗಿಂದ ಒಂದು ನೀಲಿ ಮಡಚುವ ಕುರ್ಚಿ ತಂದು ನನ್ನ ಮುಂದೆ ಬಿಡಿಸಿದ. ಕಿರ್ರ್... ಟಪ್! ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಎರಡೂ ಕೈ ತಾವಾಗಿಯೇ ಎದೆಯ ಹತ್ತಿರ ಬಂದು ಮುಗಿದುಕೊಂಡವು. ಹುಡುಗ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ. ನಾನಲ್ಲಿ ಯಾರಿಗಾಗಿ ಕಾಯುತ್ತಿದ್ದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ನೀವೂ ಎಲ್ಲಾದರೂ ಒಂದು ಕುರ್ಚಿ ಎಳೆದುಕೊಂಡು ಕೂತು ಕಾಯಿರಿ.

ನನಗೆ ಚಿಕ್ಕಂದಿನಿಂದಲೂ ಒಂದು ಕಾಯಿಲೆ. ಎದುರಿಗಿರುವವರ ನಡಿಗೆ, ದನಿ, ಕತ್ತು ಕೊಂಕಿಸುವ ರೀತಿ ಎಲ್ಲವೂ ಅರ್ಧ ಗಂಟೆಯೊಳಗೆ ನನಗೆ ಅಂಟಿಕೊಳ್ಳುತ್ತದೆ. ಬಾಡಿಗೆ ಕೇಳಲು ಬರುತ್ತಿದ್ದ ಮ್ಯಾನೇಜರನಿಂದ ಹಿಡಿದು ಫೋನಿನಲ್ಲಿ ದಾರಿ ಹೇಳುವ ಹೆಂಗಸಿನವರೆಗೆ ನಾನು ಅಣಕಿಸದವರಿಲ್ಲ. ಸೋತದ್ದು ಒಂದೇ ಸಲ, ನನ್ನನ್ನೇ ಅಣಕಿಸಲು ಹೋದಾಗ. ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಬಸು ಸೋಫಾದ ಮೇಲಿಂದಲೇ ತೀರ್ಪು ಕೊಟ್ಟ: "ನಿಂದಂತ ಒಂದ್ ದನಿ ಇದ್ರ ತಾನ ಅಣಕ್ಸೂದು?"

ಮಾಸ್ಕುಗಳು ಮೂಗಿನಿಂದ ಗದ್ದಕ್ಕೆ ಇಳಿಯುತ್ತಿದ್ದ ಆ ದಿನಗಳಲ್ಲಿ ಸ್ಯಾನ್ ಡಿಯಾಗೋದ ಕನ್ನಡಿಗರು ಬಹಳ ದಿನದ ಮೇಲೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದರು. ನಾನು ವೇದಿಕೆ ಹತ್ತಿ, ಸ್ವಾಗತ ಭಾಷಣ ಮಾಡಿದವರನ್ನೂ ವಂದನಾರ್ಪಣೆ ಮಾಡಬೇಕಿದ್ದವರನ್ನೂ ಒಟ್ಟಿಗೇ ಅಣಕಿಸಿ ಮುಗಿಸಿ ಕೆಳಗಿಳಿದೆ. ಪರದೆಯ ಹಿಂದೆ ಜುಬೇದಾ ಆಂಟಿ ನಿಂತಿದ್ದರು. ಮೈಸೂರಿನವರು, ಅಲ್ಲೇ ಯೂನಿವರ್ಸಿಟಿ ಸಿಟಿ ಬಡಾವಣೆಯಲ್ಲಿ ಮನೆ, ಯುದ್ಧ ಮುಗಿದ ದೇಶಗಳಲ್ಲಿ ಪೊಲೀಸರನ್ನು ಹೊಸದಾಗಿ ಕಟ್ಟುವುದು ಹೇಗೆಂಬುದೇ ಅವರ ಸಂಶೋಧನೆ.

"ಪೊಲೀಸ್ ಸ್ಟೇಷನ್ ಸೀನ್ ಮಾಡ್ತೀಯೇನೋ?" ಎಂದರು.

"ಅಯ್ಯೋ ಆಂಟಿ, ಇನ್ಸ್‌ಪೆಕ್ಟರು ನನ್ನ ಜೇಬಲ್ಲೇ ಇದಾರೆ! ಹೊಟ್ಟೆ ಸಮೇತ!"

"ಇನ್ಸ್‌ಪೆಕ್ಟರ್‌ಗಳು ನಮ್ಮ ಹತ್ರ ನಿಜವಾದವರೇ ಇದಾರೆ ಕಣೋ. ನಂಗೆ ಬೇಕಾಗಿರೋದು ದೂರು ಕೊಡೋನು."

ನನಗೆ ಉತ್ಸಾಹ ಅರ್ಧ ಇಳಿಯಿತು. ಆದರೆ ಅವರು ವಿಷಯ ಬಿಡಿಸಿ ಹೇಳುತ್ತ ಹೋದಂತೆ ದುಪ್ಪಟ್ಟಾಗಿ ಏರಿತು. ಒಂದು ದೇಶ. ಹೆಸರು ಬೇಡ. ವರ್ಷಗಟ್ಟಲೆ ಒಳಗೊಳಗೇ ಹೊಡೆದಾಡಿ ದಣಿದು ಒಪ್ಪಂದಕ್ಕೆ ಬಂದಿದೆ. ಹಳೆಯ ಪೊಲೀಸರೂ, ಅವರ ಮೇಲೆ ಗುಂಡು ಹಾರಿಸಿದವರೂ ಇನ್ನು ಮುಂದೆ ಒಂದೇ ಸಮವಸ್ತ್ರ ತೊಡಬೇಕು. ಅವರ ಒಂದು ತಂಡ ಸ್ಯಾನ್ ಡಿಯಾಗೋಗೆ ತರಬೇತಿಗೆ ಬಂದಿದೆ. ಅದರಲ್ಲಿ ಇಬ್ಬರ ಮೇಲೆ ಎಲ್ಲರ ಕಣ್ಣು: ಹಳೆಯ ಪೊಲೀಸ್ ದಾರೋ, ಹಳೆಯ ಬಂಡುಕೋರರ ಕಡೆಯ ಲೆನಾ. ಗಡಿಯೂರೊಂದರ ಠಾಣೆಯನ್ನು ಇವರಿಬ್ಬರೂ ಸೇರಿ ನಡೆಸಬೇಕು. ವಾರದ ಕೊನೆಗೆ ಒಪ್ಪಿದರೆ ಠಾಣೆ ತೆರೆಯುತ್ತದೆ, ಇಲ್ಲದಿದ್ದರೆ ಬೀಗ.

"ಬೀಗ ಬಿದ್ರೆ ಆ ಊರಿನೋರು ಯಾರ ಹತ್ರ ಹೋಗ್ತಾರೆ ಗೊತ್ತಾ? ಬಂದೂಕು ಇನ್ನೂ ಕೆಳಗಿಡದೆ ಇರೋರ ಹತ್ರ" ಎಂದರು ಆಂಟಿ. "ಇಬ್ಬರೂ ಬಂದಾಗಿನಿಂದ ಒಂದೇ ಲಿಫ್ಟಲ್ಲಿ ಸಹ ಹತ್ತಿಲ್ಲ."

ಕನ್ನಡದವರೇ ಏಕೆಂದು ಕೇಳಿದೆ. ಆ ಊರಿನ ಅರ್ಧ ಜನರ ಭಾಷೆ ಅಲ್ಲಿನ ಪೊಲೀಸರಿಗೆ ಬರುವುದಿಲ್ಲವಂತೆ. ಅದಕ್ಕೇ ಅಭ್ಯಾಸದಲ್ಲೂ ಅರ್ಥವಾಗದ ಭಾಷೆಯಲ್ಲಿ ಅಳುವವನೊಬ್ಬ ಬೇಕು, ಪಕ್ಕದಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸುವವನೊಬ್ಬ. ಅಳುವವನು ನಾನು, ತಿರುಗಿಸುವವನು ಬಸು. ನಮ್ಮ ಭಾಷೆ ಯಾರಿಗೂ ಅರ್ಥವಾಗುವುದಿಲ್ಲ ಎನ್ನುವುದಕ್ಕೆ ಅಷ್ಟು ಹೆಮ್ಮೆಪಟ್ಟದ್ದು ಜೀವನದಲ್ಲಿ ಅದೇ ಮೊದಲು.

ಅಭ್ಯಾಸದ ದಿನ ಬೆಳಿಗ್ಗೆ ಬಸುವಿನ ಕಾರಿನಲ್ಲಿ ಹೊರಟೆವು. ಲಾಸ್ ಏಂಜಲಿಸ್ ದಾಟುವ ಹೊತ್ತಿಗೇ ನಾನು ಮೂರ್ನಾಲ್ಕು ಬಗೆಯಲ್ಲಿ ಅತ್ತು ತೋರಿಸಿದ್ದೆ. ಟ್ರಾಫಿಕ್ಕಿನಲ್ಲಿ ಪಕ್ಕದ ಕಾರಿನ ಮುದುಕಿ ಕಿಟಕಿ ಇಳಿಸಿ ಏನಾಯಿತೆಂದು ಕೇಳಿದಳು. ಬಸು ಸ್ಟೀರಿಂಗಿಗೆ ಹಣೆ ಒತ್ತಿಕೊಂಡ. "ಲೇ ತಮ್ಮಾ, ಸುಮ್ಮ ಕುಂದ್ರು. ನಿನ್ ಸಂಬಂಧ ಇಲ್ಲೇ ಪೊಲೀಸ್ರು ಬರ್ತಾರ ಈಗ."

ತರಬೇತಿಯ ಹಾಲ್ ಸಾದಾ. ಒಂದು ಮೇಜು, ಅದರ ಹಿಂದೆ ಆದಷ್ಟು ದೂರ ದೂರ ಇಟ್ಟ ಎರಡು ಕುರ್ಚಿ. ಒಂದರಲ್ಲಿ ದಾರೋ: ನಮ್ಮ ದೊಡ್ಡಪ್ಪನ ವಯಸ್ಸು, ಪೊದೆ ಮೀಸೆ, ಪ್ರತಿ ಮಾತಿಗೂ ಮುಂಚೆ ಒಂದು ಕೆಮ್ಮು. ಇನ್ನೊಂದರಲ್ಲಿ ಲೆನಾ: ತೆಳ್ಳಗೆ, ಚುರುಕು, ಯಾವಾಗಲೂ ಈಗ ಎದ್ದು ಓಡುವಳೇನೋ ಎನ್ನುವ ಹಾಗೆ ಕುರ್ಚಿಯ ತುದಿಯಲ್ಲಿ. ಇಬ್ಬರಿಗೂ ತಕ್ಕಮಟ್ಟಿಗೆ ಇಂಗ್ಲಿಷ್ ಬರುತ್ತಿತ್ತು. ಅವರ ಮಾತನ್ನು ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ನನ್ನ ದೂರು ಇಷ್ಟು: ಯುದ್ಧಕ್ಕೆ ಹೆದರಿ ಊರು ಬಿಟ್ಟಿದ್ದೆ, ಹಿಂದಿರುಗಿದಾಗ ನನ್ನ ಮನೆಯಲ್ಲಿ ಬೇರೆಯವರು ಒಲೆ ಹೊತ್ತಿಸಿಕೊಂಡಿದ್ದಾರೆ. ಒಳಗೆ ಕಾಲಿಟ್ಟೆ. ಲೆನಾ ಎದ್ದು ಬಂದು ನೀಲಿ ಕುರ್ಚಿ ಬಿಡಿಸಿ ನನ್ನ ಮುಂದೆ ಇಟ್ಟಳು. ಕಿರ್ರ್, ಟಪ್. ತರಬೇತಿಯ ಕ್ರಮದಲ್ಲಿ ಮುಂದಿನ ಹೆಜ್ಜೆ ನಾನು ಕೂರುವುದು.

ನಾನು ಕೂರಲಿಲ್ಲ. ನಟನೆ ಎಂದುಕೊಳ್ಳಬೇಡಿ, ನಿಜವಾಗಿಯೂ ಆಗಲಿಲ್ಲ. ಕೈ ಮುಗಿದು, ಬೆನ್ನು ಬಗ್ಗಿಸಿ, "ಪರವಾಗಿಲ್ಲ ಸಾರ್, ನಿಂತ್ಕೋತೀನಿ" ಎಂದೆ. ಪಕ್ಕಕ್ಕೆ ನೋಡಿದರೆ, ದುಭಾಷಿ ಬಸುವೂ ಹಾಗೇ ಕೈಕಟ್ಟಿ ನಿಂತಿದ್ದಾನೆ.

"ಕೂತ್ಕೊಳ್ರೋ!" ಮೂಲೆಯಿಂದ ಆಂಟಿ ಪಿಸುಗುಟ್ಟಿದರು.

"ಆಂಟಿ, ಸ್ಟೇಷನ್ನಲ್ಲಿ ಯಾರಾದ್ರೂ ಕೂತ್ಕೋತಾರಾ?"

ಮೈಸೂರಿನ ಠಾಣೆಗಳನ್ನು ಕಂಡಿದ್ದ ಅವರು ಹಣೆ ಚಚ್ಚಿಕೊಂಡರು. ದಾರೋ ಮಾತ್ರ ಮೇಜು ಕುಟ್ಟಿ ಅರಳಿಬಿಟ್ಟರು. "ನೋಡಿದಿರಾ! ಎಲ್ಲಿಯದೋ ದೇಶದ ಹುಡುಗ, ಅವನೂ ನಿಂತೇ ಇದ್ದಾನೆ. ಇದಕ್ಕೆ ಗೌರವ ಅನ್ನುತ್ತಾರೆ!"

"ಭಯ ಅನ್ನುತ್ತಾರೆ" ಎಂದಳು ಲೆನಾ.

"ಕುರ್ಚಿ ಕೊಟ್ಟರೆ ನಾಳೆ ಮೇಜಿನ ಮೇಲೇ ಹತ್ತುತ್ತಾರೆ."

"ನೀವು ಕೊಡಲಿಲ್ಲವಲ್ಲ, ಅದಕ್ಕೇ ಜನ ಬಂದೂಕು ಹಿಡಿದು ಬೆಟ್ಟ ಹತ್ತಿದರು."

ನನ್ನ ಮನೆಯ ಸುದ್ದಿಯನ್ನು ಯಾರೂ ಕೇಳಲೇ ಇಲ್ಲ. ಅಭ್ಯಾಸ ಅಲ್ಲಿಗೇ ನಿಂತು ಊಟಕ್ಕೆ ಬಿಟ್ಟರು.

ಇನ್ನು ನನ್ನ ಪ್ರತಾಪ. ಊಟದ ಹೊತ್ತಿನಲ್ಲಿ ಎಲ್ಲರ ಮುಖವೂ ಗಂಟು. ದಾರೋ ಹೊರಗೆಲ್ಲೋ ಹೋಗಿದ್ದರು. ಗಂಟುಮುಖ ಕಂಡರೆ ನನಗೆ ತಡೆಯದು. ಎದ್ದು ದಾರೋ ಕುರ್ಚಿಯಲ್ಲಿ ಕೂತೆ. ಕೆಮ್ಮಿದೆ. ಮೇಜಿನ ಮೇಲಿದ್ದ ಅವರ ಟೋಪಿಯನ್ನು ತಲೆಗೆ ಒತ್ತಿಕೊಂಡೆ. ಬೆಳಿಗ್ಗೆ ಅವರು ನನ್ನನ್ನು ನೋಡಿದ ಹಾಗೇ, ಬಾಗಿಲಿನಿಂದ ಬಂದವನ ಮುಖವನ್ನೇ ನೋಡದೆ ಮೊದಲು ಅವನ ಕೈ, ಆಮೇಲೆ ಅವನ ಬೆನ್ನ ಹಿಂದಿನ ಬಾಗಿಲು ನೋಡಿ, ಎರಡು ಬೆರಳೆತ್ತಿ "ಮುಂದಿನವನು!" ಎಂದೆ. ಇಡೀ ತಂಡ ಬಿದ್ದು ಬಿದ್ದು ನಕ್ಕಿತು. ಲೆನಾಗಂತೂ ಕಣ್ಣಲ್ಲಿ ನೀರು. ನಾನು ಉಬ್ಬಿ, ಇನ್ನೊಮ್ಮೆ ಕೆಮ್ಮಿದೆ. ಆ ಕೆಮ್ಮಿಗೆ ಬಾಗಿಲಿನಿಂದ ಇನ್ನೊಂದು ಕೆಮ್ಮು ಉತ್ತರ ಕೊಟ್ಟಿತು.

ದಾರೋ ಟೀ ಕಪ್ ಹಿಡಿದು ನಿಂತಿದ್ದರು. ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟು, ನನ್ನ ತಲೆಯಿಂದ ಟೋಪಿ ಎತ್ತಿಕೊಂಡು, "ಈ ಠಾಣೆ ನನಗೆ ಬೇಡ" ಎಂದು ಅಂಗಳಕ್ಕೆ ಹೊರಟುಹೋದರು.

ಆಂಟಿ ನನ್ನನ್ನು ಬೈದಿದ್ದರೆ ವಾಸಿಯಿತ್ತು. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಹೋಗು. ನೀನೇ ಹೋಗಿ ಕರ್ಕೊಂಡ್ ಬಾ" ಎಂದರು. ಬೀಗ ಬೀಳಲಿರುವ ಆ ಊರು ಅವರ ಮುಖದಲ್ಲೇ ಕಂಡಿತು ನನಗೆ.

ಅಂಗಳದಲ್ಲಿ ದಾರೋ ನೀಲಗಿರಿ ಮರದ ಕೆಳಗೆ ಕೂತಿದ್ದರು. ನಾನು ಹೋಗಿ ನಿಂತೆ. ಈ ಸಲ ಕೈ ಮುಗಿಯಲೂ ನಾಚಿಕೆ. "ತಪ್ಪಾಯಿತು ಸಾರ್."

"ಅವರು ನಕ್ಕರು. ಹಾಗಾದರೆ ಚೆನ್ನಾಗಿಯೇ ಮಾಡಿರಬೇಕು" ಎಂದರು. ಕೆಮ್ಮಲಿಲ್ಲ. ನನ್ನ ಮುಂದೆ ಬೇಕೆಂದೇ ತಡೆದುಕೊಂಡರು. "ಅವಳದ್ದೂ ಮಾಡುತ್ತೀಯಾ? ಇಲ್ಲ, ಒಂದೇ ಕಡೆಯವರಿಗೆ ಮೀಸಲೋ ನಿನ್ನ ವಿದ್ಯೆ? ನಮ್ಮಲ್ಲಿ ಎಲ್ಲ ಶುರುವಾದದ್ದೇ ಹಾಗೆ."

ನಾನು ಮಾಡುತ್ತೇನೆಂದೆ. ಅವರು ಎದ್ದು ನನ್ನ ಹಿಂದೆ ಬಂದರು. ಎಲ್ಲರೂ ಸುತ್ತ ನಿಂತರು. ನಾನೀಗ ಲೆನಾ. ಚುರುಕಾಗಿ ನಡೆದು ಬಂದೆ, ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿದೆ, ತುದಿಯಲ್ಲಿ ಕೂತೆ. ದೂರು ಕೊಡುವವನು ಬಂದನೆಂದುಕೊಂಡೆ. ಅವನ ಕೈ ನೋಡಿದೆ. ಆಮೇಲೆ ಬಾಗಿಲು ನೋಡಿದೆ. ಆಮೇಲೆ... ಆಮೇಲೆ ನನಗೇ ಗೊಂದಲವಾಯಿತು. ಬೆಳಗಿನಿಂದ ಅವಳನ್ನು ನೋಡಿ ನನ್ನ ಮೈಗೆ ಅಂಟಿದ್ದೂ ಅದೇ, ಬೇರೆಯದಿರಲಿಲ್ಲ. ಹಿಂದಿನಿಂದ ಯಾರೋ ಕೂಗಿದರು: "ಇದು ದಾರೋನೇ! ಕೆಮ್ಮೊಂದು ಇಲ್ಲ!"

ಯಾರೂ ನಗಲಿಲ್ಲ. ಲೆನಾ ನನ್ನನ್ನಲ್ಲ, ದಾರೋ ಅವರನ್ನು ನೋಡುತ್ತಿದ್ದಳು.

"ನೀವು ಬಾಗಿಲು ನೋಡುವುದು ಯಾರಿಗೆ ಹೆದರಿ?"

"ನಿಮ್ಮವರಿಗೆ" ಎಂದರು ದಾರೋ. "ನೀನು?"

"ನಿಮ್ಮವರಿಗೆ."

ಅವಳೇ ಮುಂದುವರಿಸಿದಳು, "ನಾವಿಬ್ಬರೂ ಬಂದವನ ಮುಖವನ್ನೇ ನೋಡುವುದಿಲ್ಲ."

ಆಂಟಿ ಆ ಕ್ಷಣವನ್ನು ಬಿಟ್ಟುಕೊಡುವವರಲ್ಲ. "ಮತ್ತೆ ಶುರು! ಲೇ, ಹೊರಗೆ ಹೋಗಿ ಒಳಗೆ ಬಾರೋ!" ಎಂದು ನನ್ನನ್ನು ಅಟ್ಟಿದರು. ಹೋದೆ, ಬಂದೆ. ಕಿರ್ರ್, ಟಪ್. ಮತ್ತೆ ಕಾಲು ಮಡಚಲಿಲ್ಲ. ಆಗ ದಾರೋ ಎದ್ದು ನಿಂತರು. ಅವರು ಎದ್ದದ್ದಕ್ಕೆ ಲೆನಾ ಎದ್ದಳು. ನನಗೆ ಇನ್ನೂ ಪೇಚು. ಅಷ್ಟು ದೊಡ್ಡವರು ನಿಂತಿರುವಾಗ ಕೂರುವುದು ಹೇಗೆ? ನಾನು ಅವರಿಗೆ, ಅವರು ನನಗೆ "ಕೂತುಕೊಳ್ಳಿ, ನೀವು ಮೊದಲು" ಎನ್ನುತ್ತಾ ಮದುವೆಮನೆಯ ಬೀಗರ ಹಾಗೆ ನಿಂತೇ ಇದ್ದೆವು. ಬಸು ತಿರುಗಿಸಿ ತಿರುಗಿಸಿ ಸುಸ್ತಾಗಿ, "ಹಿಂಗಾದ್ರ ಎಲ್ಲಾರೂ ನಿಂತ ಮುದುಕ್ರಾಗ್ತೇವಿ" ಎಂದ. ಅದನ್ನೂ ಇಂಗ್ಲಿಷಿಗೆ ತಿರುಗಿಸಿಬಿಟ್ಟ.

ದಾರೋ ಮೊದಲ ಬಾರಿಗೆ ನನ್ನ ಮುಖ ನೋಡಿದರು. "ನೀವು ಕೂರುವ ತನಕ ನಾನು ಕೂರುವುದಿಲ್ಲ. ನನಗೆ ಮೊಣಕಾಲು ನೋವು. ದಯವಿಟ್ಟು."

ಮೊಣಕಾಲು ಎಂದಮೇಲೆ ಮುಗಿಯಿತಲ್ಲ! ತಟಕ್ಕನೆ ಕೂತೆ. ಅವರು ಕೂತರು, ಲೆನಾ ಕೂತಳು. ನನ್ನ ಮನೆಯ ಕಥೆ ಹೇಳತೊಡಗಿದೆ. ಅವರು ಕೇಳುತ್ತಲೇ ಇದ್ದರು, ನನ್ನ ಕಣ್ಣನ್ನೇ ನೋಡುತ್ತ. ನಾನು ಅಳುವ ಭಾಗ ಬಂದಾಗ, ನಂಬಿ, ಕಾರಿನಲ್ಲಿ ಅಭ್ಯಾಸ ಮಾಡಿದ್ದ ಯಾವ ಅಳುವೂ ಬೇಕಾಗಲಿಲ್ಲ. ಇಲ್ಲದ ಮನೆಗಾಗಿ ನಿಜವಾಗಿ ಅತ್ತೆ.

ಅಂದೇ ಇಬ್ಬರೂ ಠಾಣೆಗೆ ಒಪ್ಪಿದರು. ಅವರೇ ಎರಡು ನಿಯಮ ಮಾಡಿಕೊಂಡರು. ಬಂದವರು ಕೂರುವ ತನಕ ಪೊಲೀಸರು ನಿಂತಿರಬೇಕು. ಒಬ್ಬರು ಬಂದವರ ಮುಖ ನೋಡುವಾಗ ಇನ್ನೊಬ್ಬರು ಬಾಗಿಲು ನೋಡಿಕೊಳ್ಳಬೇಕು, ದಿನ ಬಿಟ್ಟು ದಿನ ಅದಲುಬದಲು. ಎರಡನೆಯದನ್ನು ಕೇಳಿ ಆಂಟಿ ನನ್ನ ತೋಳು ಹಿಂಡಿದರು. "ಬೆನ್ನು ಒಪ್ಪಿಸ್ತಿದಾರೆ ಕಣೋ! ಒಬ್ಬರಿಗೊಬ್ಬರು ಬೆನ್ನು ಒಪ್ಪಿಸ್ತಿದಾರೆ!" ನನ್ನ ತೋಳು ಕೆಂಪಾಗಿತ್ತು, ಆದರೂ ನಾವಿಬ್ಬರೂ ಕುಣಿಯುವುದೊಂದು ಬಾಕಿ.

ಠಾಣೆ ತೆರೆಯಿತು. ಮೊದಮೊದಲು ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ಆಮೇಲೊಂದು ದಿನ ಮನೆ ಕಳೆದುಕೊಂಡ ಮುದುಕಿಯೊಬ್ಬಳು ಬಂದು ಬಹಳ ಹೊತ್ತು ನಿಂತಳಂತೆ. ಇವರೂ ನಿಂತರಂತೆ. ಕಡೆಗೆ ಕೂತಳಂತೆ. ಆಂಟಿ ಫೋನಿನಲ್ಲಿ ಇದನ್ನು ಹೇಳುವಾಗ ನಾನು ಬಸ್‌ಸ್ಟಾಪಿನಲ್ಲಿ ಜೋರಾಗಿ ಶಿಳ್ಳೆ ಹಾಕಿ ಬಸ್ಸನ್ನೇ ತಪ್ಪಿಸಿಕೊಂಡೆ.

ನಿನ್ನೆ ನಾನು ಕಾಯುತ್ತಿದ್ದದ್ದು ದಾರೋಗಾಗಿ. ಹೊಸ ತಂಡವನ್ನು ಕರೆತಂದಿದ್ದಾರೆ. ಅಲ್ಲಿಯ ಠಾಣೆಯಲ್ಲಿ ಬಾಗಿಲು ನೋಡಿಕೊಳ್ಳುವುದೂ ಮುಖ ನೋಡುವುದೂ ಈ ತಿಂಗಳು ಲೆನಾ ಪಾಲಿಗೆ. ಕೌಂಟರಿನ ಹುಡುಗ ಕೊಟ್ಟ ಕುರ್ಚಿಯಲ್ಲಿ ನಾನು ಈಗ ಯಾವ ಸಂಕೋಚವೂ ಇಲ್ಲದೆ ಕಾಲು ಚಾಚಿ ಕೂತಿದ್ದೆ. ಬಾಗಿಲಲ್ಲಿ ಒಂದು ಕೆಮ್ಮು ಕೇಳಿಸಿತು. ಆಂಟಿಯ ಜೊತೆ ಒಳಗೆ ಬಂದವರು ಹೋಟೆಲಿನಲ್ಲಿ ಯಾರ ಕೈಯನ್ನೂ ನೋಡಲಿಲ್ಲ. ನೇರ ನನ್ನ ಮುಖ ಹುಡುಕಿದರು. ಮೀಸೆ ಬೆಳ್ಳಗಾಗಿದೆ.

"ಸಾರ್, ಆವತ್ತಿನ ಕೋಪ ಇನ್ನೂ ಇದೆಯಾ?" ಎಂದೆ, ಕೂತಲ್ಲಿಂದಲೇ.

"ಇದೆ. ದೂರು ಕೊಡಲೆಂದೇ ಬಂದಿದ್ದೇನೆ" ಎಂದರು. "ಏಳು. ನಾನು ಕೂರುವ ತನಕ ನೀನು ನಿಂತಿರಬೇಕು."