ಬೋರಲು ಮಲಗಿದ್ದ ಕೂಸು

1978ರಲ್ಲಿ ನಾನು ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಅನಸ್ತೇಷಿಯಾ ವೈದ್ಯೆ. ಆ ವರ್ಷದ ಇನ್‌ಸ್ಪೆಕ್ಷನ್ ನೆನೆದರೆ ಈ ವಯಸ್ಸಿನಲ್ಲೂ ನನ್ನ ಬ್ಲಡ್ ಪ್ರೆಷರ್ ಏರುತ್ತದೆ.

ಮಾನ್ವಿ ತಾಲೂಕಿನ ಕುರ್ಡಿಯಿಂದ ದುರ್ಗಮ್ಮ ಎಂಬ ಕೂಲಿ ಹೆಣ್ಣುಮಗಳು ಎರಡು ವಾರದ ಗಂಡುಕೂಸನ್ನು ತಂದಿದ್ದಳು. ಹುಟ್ಟಿನಿಂದಲೇ ಕೆಳದವಡೆ ತೀರಾ ಚಿಕ್ಕದು, ಅಂಗುಳ ಸೀಳಿತ್ತು. ಇದಕ್ಕೆ ಪಿಯರ್ ರಾಬಿನ್ ಸಿಂಡ್ರೋಮ್ ಎನ್ನುತ್ತಾರೆ. ಅಂಗಾತ ಮಲಗಿಸಿದರೆ ನಾಲಿಗೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆ. ಬೋರಲು ಮಲಗಿಸಿದರೆ ಮುಂದೆ ಬರುತ್ತದೆ. ಸೋ ಸಿಂಪಲ್!

ಕೂಸನ್ನು ಹಾಗೇ ಬೋರಲು ಮಲಗಿಸಿದೆ. ದುರ್ಗಮ್ಮನಿಗೆ ಸಂಕಟ. "ಯವ್ವಾ, ಕೂಸಿನ ಮಾರಿ ನೋಡಾಕೂ ಆಗವಲ್ದು."

"ನಿನ್ನ ಮಗಾ ಎಲ್ಲಿ ಓಡಿ ಹೋಗ್ತಾನ ಬೇ? ಮದಲ ಉಸಿರಾಡ್ಲಿ."

ಇನ್‌ಸ್ಪೆಕ್ಷನ್ ದಿನ ನಮ್ಮಲ್ಲೊಂದು ಪದ್ಧತಿ. ರೋಗಿಗಳ ಕಡೆಯವರೆಲ್ಲ ಹೊರಗೆ. ಹಾಸಿಗೆಯಲ್ಲಿ ಎಲ್ಲರೂ ಅಂಗಾತ, ನೆಟ್ಟಗೆ. ನಾನು ಆಪರೇಷನ್ ಥಿಯೇಟರಿನಲ್ಲಿದ್ದಾಗ ಸೂಪರಿಂಟೆಂಡೆಂಟರು ಸಿಸ್ಟರ್‌ಗೆ ಹೇಳಿ ಕೂಸನ್ನೂ ತಿರುಗಿಸಿದರು. ಡಿಸಿಪ್ಲಿನ್, ಮೈ ಫುಟ್!

ನಾನು ವಾರ್ಡಿಗೆ ಬಂದಾಗ ಇನ್‌ಸ್ಪೆಕ್ಷನ್ನಿನ ಅಧಿಕಾರಿ, "ಎಷ್ಟು ಗಪ್‌ಚುಪ್ ಮಲಗ್ಯದ ನೋಡ್ರಿ!" ಎನ್ನುತ್ತಿದ್ದರು. ಕೂಸಿನ ತುಟಿ ನೇರಳೆಯಾಗಿತ್ತು. ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು. ಗಾಳಿಯೇ ಆಡದಿದ್ದರೆ ಅಳುವುದು ಹೇಗೆ?

ಬೋರಲು ಹಾಕಿ, ಗಾಜ್ ಬಟ್ಟೆಯಿಂದ ನಾಲಿಗೆ ಹಿಡಿದೆಳೆದೆ. ಸಾಲಲಿಲ್ಲ. ಮತ್ತೆ ಅಂಗಾತ ಮಾಡಿ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಹಾಕಿದರೆ ನಾಲಿಗೆಯ ಹೊರತು ಏನೂ ಕಾಣದು.

"ರಿಲ್ಯಾಕ್ಸೆಂಟ್ ಕೊಡ್ರಿ ಮೇಡಂ!" ಸೂಪರಿಂಟೆಂಡೆಂಟರು ಗದರಿದರು. ಸ್ನಾಯು ಸಡಿಲಿಸುವ ಆ ಇಂಜೆಕ್ಷನ್ ಕೊಟ್ಟರೆ ಉಳಿದ ಅರೆ ಉಸಿರೂ ನಿಲ್ಲುತ್ತದೆ; ಆಮೇಲೆ ಶ್ವಾಸನಾಳಕ್ಕೆ ಟ್ಯೂಬ್ ಹೋಗದಿದ್ದರೆ ಕೂಸು ಹೋದಂತೆಯೇ.

"ನೋ, ಸರ್. ಬೆಳಕಿಗೆ ಅಡ್ಡ ನಿಂತೀರಿ, ಸರೀರಿ."

ತೆಳುವಾದ ಟ್ಯೂಬನ್ನು ಮೂಗಿನಿಂದ ನಾಲಿಗೆಯ ಹಿಂದಕ್ಕೆ ಇಳಿಸಿದೆ. ಸುಯ್ ಎಂದು ಗಾಳಿ ಆಡಿತು. ತುಟಿಗೆ ಬಣ್ಣ ಬಂತು. ಆಮೇಲೆ ಅಳು.

"ದೊಡ್ಡವರ ಮುಂದ ಸೀನ್ ಮಾಡಿದ್ರಿ," ಎಂದರು ಸೂಪರಿಂಟೆಂಡೆಂಟರು.

"ಇನ್ನೊಂದು ಮಿನಿಟ್ ಬಿಟ್ಟಿದ್ರ ಇನ್ನೂ ಗಪ್‌ಚುಪ್ ಇರ್ತಿತ್ರಿ, ಸರ್."

ಅಳು ಕೇಳಿ ದುರ್ಗಮ್ಮ ಒಳನುಗ್ಗಿದಳು. "ಯಾರು ಹೊಳ್ಳಿಸಿದ್ರಿ ನನ್ನ ಕೂಸಿನ್ನ?" ಅವಳು ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ನೆಲದ ಮೇಲೆ ಕೂತುಬಿಟ್ಟಳು. "ಇನ್ನ ಯಾರರ ಬರ್ಲಿ, ನಾ ಹೊರಗ ಹೋಗಂಗಿಲ್ಲ."

ಕೂಸು ಉಳಿಯಿತು, ದವಡೆ ಬೆಳೆದಂತೆ ಉಸಿರೂ ಸಲೀಸಾಯಿತು. ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿದರು. ಫೈನ್! ಅಲ್ಲಿ ಇಂಥ ಮಕ್ಕಳು ಬಂದಾಗಲೆಲ್ಲ ನನ್ನ ಮೊದಲ ಆರ್ಡರ್ ಒಂದೇ: ಯಾವ ಸಾಹೇಬರು ಬಂದರೂ ತಾಯಿಯನ್ನು ಹೊರಗೆ ಕಳಿಸಬೇಡಿ. ಟ್ಯೂಬು, ಕೈಚಳಕ ಎಲ್ಲ ಬೇಕು, ನಿಜ. ಆದರೆ ಉಸಿರಿಗೆ ಕಷ್ಟಪಡುವ ಕೂಸಿನ ಪಕ್ಕ ಜಗಳಕ್ಕೆ ನಿಲ್ಲುವವರು ಒಬ್ಬರು ಇರಲೇಬೇಕು.