ಹೊಟ್ಟೆ ಮುಚ್ಚದ ಕೌದಿ

ಆಗೆಲ್ಲ ಬೇಸಿಗೆಯಲ್ಲಿ ನಮ್ಮೂರಿಗೆ ಹೊರಗಿನವರು ಯಾರೂ ಬರುತ್ತಿರಲಿಲ್ಲ. ಹಂಪಿ ನೋಡುವವರು ಚಳಿಗಾಲದಲ್ಲೇ ಬಂದು ಹೋಗುತ್ತಿದ್ದರು. ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡ್ಡಿರಾಂಪುರದ ರಸ್ತೆಬದಿಯ ಹೋಟೆಲುಗಳು ಬೆಂಚುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದವು. ಬಂಡೆಗಳು ಹಗಲೆಲ್ಲ ಕಾದು ಸಂಜೆ ಆ ಕಾವನ್ನು ನಮ್ಮ ಮೇಲೆ ಬಿಡುತ್ತಿದ್ದವು. ಊರು ಮತ್ತೆ ನಮ್ಮದಾಗುತ್ತಿತ್ತು. ಹುಡುಗಿಯರೆಲ್ಲ ಓಣಿಯ ನಡುವೆ ಇದ್ದಿಲಿನಿಂದ ಗೆರೆ ಎಳೆದು ಕುಂಟಾಟ ಆಡುತ್ತಿದ್ದೆವು. ಕಾಲುವೆಗೆ ಕಾಲು ಇಳಿಬಿಟ್ಟು ಕೂತು, ಹಲ್ಲು ಚುಳ್ ಎನ್ನುವ ತನಕ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ತಿನ್ನುತ್ತಿದ್ದೆವು.

ಕೌದಿ ಹೊಲಿಯುವ ಕಾಲವೂ ಅದೇ. ಅಜ್ಜಿ ವರ್ಷವಿಡೀ ಗಂಟು ಕಟ್ಟಿಟ್ಟ ಹಳೆಯ ಸೀರೆ, ಧೋತ್ರ, ನನ್ನ ಹರಿದ ಲಂಗಗಳನ್ನೆಲ್ಲ ಸೋಡಾ ಹಾಕಿ ಕುದಿಸಿ ಒಣಗಿಸುತ್ತಿದ್ದಳು. ಬಿಸಿಲಿಗೆ ಗರಿಗರಿಯಾದ ಹಳೆಯ ಹತ್ತಿಯ ಆ ವಾಸನೆ ಹೊಸ ಬಟ್ಟೆಗೆ ಎಂದೂ ಬರುವುದಿಲ್ಲ. ಹಿತ್ತಲಿನ ಬೇವಿನ ಮರದ ಕೆಳಗೆ ಕೌದಿ ಹರಡಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಹೋಗುವುದು. ಸಾಲುಗಳೆಲ್ಲ ಬಂದು ಸೇರುವ ನಡುಭಾಗಕ್ಕೆ ನಮ್ಮಲ್ಲಿ ಕೌದಿಯ ಹೊಟ್ಟೆ ಎನ್ನುತ್ತಿದ್ದರು. ಅಂಗೈಯಷ್ಟು ಜಾಗ ಉಳಿದಾಗ ಹೊಲಿಗೆ ನಿಲ್ಲಿಸಿ, ಒಳಗೆ ನಾಲ್ಕು ಕಾಳು ಜೋಳ, ಒಂದು ಚೂರು ಅರಿಶಿನ ಇಟ್ಟು, ಮೇಲೆ ತುಂಡು ಬಟ್ಟೆ ಹಚ್ಚಿ ಮುಚ್ಚುವುದು. ಹೊಟ್ಟೆ ತುಂಬದ ಕೌದಿಯನ್ನು ಹೊದೆಯಬಾರದು ಎಂದು ಅಜ್ಜಿ ಹೇಳುತ್ತಿದ್ದಳು.

ಬೇವಿನ ಮರದ ಆಚೆಗೇ ನಮ್ಮ ಎರಡು ಕೋಣೆಗಳಿದ್ದವು. ಅಪ್ಪ ಊರಲ್ಲಿ ಬಿದ್ದುಹೋದ ಗೋಡೆಗಳ ಕಲ್ಲುಗಳನ್ನೇ ಆಯ್ದು ತಂದು, ನಡುವೆ ಇಟ್ಟಿಗೆ ತುಂಬಿ, ಮೇಲೆ ತಗಡು ಹೊದಿಸಿ ಕಟ್ಟಿದ್ದ. ಚಳಿಗಾಲದ ಪ್ರವಾಸಿಗರಿಗೆ ಅವನ್ನು ಬಾಡಿಗೆಗೆ ಕೊಟ್ಟೇ ನಮ್ಮ ಮನೆ ನಡೆಯುತ್ತಿತ್ತು. ಹಂಪಿಯ ಸುತ್ತ ಏನು ಕಟ್ಟಲೂ ಸರಕಾರದ ಅಪ್ಪಣೆ ಬೇಕಿತ್ತು, ಅಪ್ಪ ಕೇಳಿರಲಿಲ್ಲ. ಊರಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ಅಳತೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಓಣಿ ಗಪ್ಪಾಗುತ್ತಿತ್ತು. ಮೊದಲು ಅಳೀತಾರ, ಆಮ್ಯಾಲ ಒಡೀತಾರ. ಅಷ್ಟು ನಮಗೆ, ಮಕ್ಕಳಿಗೂ, ಗೊತ್ತಿತ್ತು.

ಅಂಥ ಬೇಸಿಗೆಯಲ್ಲಿ, ಉರಿಬಿಸಿಲಲ್ಲಿ, ಒಬ್ಬಳೇ ಹೆಂಗಸು ಹೊಸಪೇಟೆ ಬಸ್ಸಿನಿಂದ ಇಳಿದು ಕೋಣೆ ಕೇಳಿಕೊಂಡು ಬಂದಳು. ಹೆಸರು ವಸುಧಾ, ಊರು ಮೈಸೂರು ಎಂದಳು. ನಾವು ಮೈಸೂರಕ್ಕ ಎಂದು ಕರೆದೆವು. ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದು, ಗೋಡೆಗೆ ತೂಗುಹಾಕುವಂಥ ಚಿತ್ರ ಮಾಡುತ್ತೇನೆ, ಅದಕ್ಕೆ ಹೊಸ ನಮೂನೆ ಹುಡುಕಿಕೊಂಡು ಊರು ತಿರುಗುತ್ತೇನೆ ಎಂದಳು.

ಪಕ್ಕದ ಮನೆಯ ಹುಲಿಗೆಮ್ಮ ಅದನ್ನು ಕೇಳಿ ತನ್ನ ಕಟ್ಟೆಯ ಮೇಲೆ ಕೂತೇ ನಕ್ಕಳು. ಅವಳದೂ ಹಿತ್ತಲಲ್ಲಿ ಮೂರು ಕೋಣೆಗಳಿದ್ದವು.

"ಕೌದಿ ಗ್ವಾಡಿಗೆ ಹಾಕ್ತಾಳಂತ! ಹಂಗಾರ ಹೊದ್ಕೊಳ್ಳೋದು ಏನು, ಸುಣ್ಣಾನ?" ಎಂದಳು. ಆಮೇಲೆ ದನಿ ತಗ್ಗಿಸಿ, "ಬ್ಯಾಸಿಗ್ಯಾಗ ಹಂಪಿಗೆ ಯಾರ ಬರ್ತಾರ ಹೇಳವಾ? ಕೆಲಸ ಇದ್ದೋರು ಬರ್ತಾರ," ಎಂದಳು.

ಆ ಮಾತು ಅಪ್ಪನ ತಲೆಯಲ್ಲಿ ಕೂತಿತು. ಎರಡನೆಯ ದಿನ ಬೆಳಿಗ್ಗೆ ಮೈಸೂರಕ್ಕ ನಮ್ಮ ಕೋಣೆಯ ಹಿಂಗೋಡೆಯ ಮುಂದೆ ನಿಂತು, ಕೆಂಪು ದಾರವೊಂದನ್ನು ಕಲ್ಲಿನಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಕಲ್ಲಿಗೆ ಹಿಡಿದು, ಹಿಡಿದಲ್ಲೆಲ್ಲ ಒಂದೊಂದು ಗಂಟು ಹಾಕುತ್ತಿದ್ದುದನ್ನು ಅವನು ಕಂಡ.

"ಏನ್ ಮೇಡಂ, ಏನೋ ಅಳ್ಯಾಕ್ಹತ್ತೀರಿ?"

"ನಿಮ್ಮ ಗೋಡೆ ತುಂಬಾ ಚೆನ್ನಾಗಿದೆ. ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲ. ಯಾರು ಕಟ್ಟಿದ್ದು?"

"ಅದು… ಹಳೇದ್ರಿ. ನಮ್ಮ ತಾತನ ಕಾಲದ್ದು," ಎಂದ ಅಪ್ಪ. ತಗಡಿಗೆ ಇನ್ನೂ ಅಂಗಡಿಯ ಚೀಟಿ ಅಂಟಿಕೊಂಡಿತ್ತು.

ಅವಳು ನಕ್ಕು ತಲೆಯಾಡಿಸಿದಳು. ಆ ನಗುವಿನಿಂದ ಅಪ್ಪನ ಸಂಶಯ ಗಟ್ಟಿಯಾಯಿತು. ಒಳಗೆ ಬಂದು ನನ್ನನ್ನು ಕರೆದ. "ಮಂಜಿ, ಅಕಿ ತಿರುಗಾಕ ಹೊಂಟ್ರ ದಾರಿ ತೋರಿಸ್ತೀನಿ ಅಂತ ಜೊತಿಗೆ ಹೋಗು. ಎಲ್ಲಿ ನಿಂತ್ಲು, ಏನ್ ಅಳದ್ಲು, ಯಾರನ್ನ ಏನ್ ಕೇಳಿದ್ಲು, ಬಂದು ಹೇಳು. ನಿನ್ನ ಮಾರಿ ನೋಡಿದ್ರ ಅಕಿಗೆ ಏನೂ ತಿಳೀಬಾರ್ದು."

ನಾನು ಮಾತು ಕಡಿಮೆಯ ಹುಡುಗಿ. ಆ ಕೆಲಸ ನನಗೆ ಒಪ್ಪುತ್ತಿತ್ತು.

ಹಂಪಿಯಲ್ಲಿ ಅವಳು ದೇವರಿಗೆ ಕೈಮುಗಿದಿದ್ದಕ್ಕಿಂತ ಹೆಚ್ಚು ಹೊತ್ತು ಮೆಟ್ಟಿಲು ಮೆಟ್ಟಿಲಾದ ಪುಷ್ಕರಣಿಯ ಮುಂದೆ ನಿಂತಳು. ಕಪ್ಪು ಕಲ್ಲಿನ ಮೆಟ್ಟಿಲುಗಳು ಒಂದರ ಮೇಲೊಂದು ಏರಿ ತ್ರಿಕೋನವಾಗಿ, ಆ ತ್ರಿಕೋನದ ಪಕ್ಕ ಇನ್ನೊಂದು. ಅವಳು ಚೀಲದಿಂದ ಬಟ್ಟೆ ಚೂರುಗಳನ್ನು ತೆಗೆದು, ಅಲ್ಲೇ ನೆಲದ ಮೇಲೆ ಜೋಡಿಸಿ, ಒಂದನ್ನು ಎತ್ತಿ, ಇನ್ನೊಂದನ್ನು ಇಟ್ಟು, ತಲೆ ಓರೆಮಾಡಿ ನೋಡುತ್ತಿದ್ದಳು. ಮತ್ತೆ ದಾರ, ಮತ್ತೆ ಗಂಟು. ನಾನು ಗಂಟುಗಳನ್ನು ನೆನಪಿಟ್ಟುಕೊಳ್ಳಲು ನೋಡಿ ಸೋತೆ.

ಸಂಡೂರಿಗೆ ಹೋದ ದಿನ ಬಸ್ಸಿನ ಕಿಟಕಿಯಲ್ಲಿ ಬಂದ ಕೆಂಪು ಧೂಳು ನಮ್ಮಿಬ್ಬರ ಹುಬ್ಬುಗಳಿಗೂ ಕೂತಿತ್ತು. ಲಂಬಾಣಿ ತಾಂಡಾದ ಹೆಂಗಸರು ಕನ್ನಡಿ ಕೂರಿಸಿ ಹೊಲಿಯುವುದನ್ನು ನೋಡುತ್ತ ಅವಳು ಊಟವನ್ನೇ ಮರೆತಳು. ಅದು ಸರಿ. ಆದರೆ ಹಿಂದಿರುಗುವಾಗ ರಸ್ತೆಬದಿಗೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿದಳು. ಯಾಕೆ ಎಂದೆ.

"ಈ ಬಣ್ಣ ಯಾವ ಅಂಗಡೀಲೂ ಸಿಗಲ್ಲ ಮಂಜು. ನೀರಲ್ಲಿ ಕಲಸಿ ಬಟ್ಟೆ ಅದ್ದಿ ನೋಡ್ತೀನಿ."

ಕಬ್ಬಿಣದ ಅದಿರು ತುಂಬಿದ ಸಂಡೂರಿನ ಮಣ್ಣನ್ನು ಯಾರು ಯಾಕೆ ಒಯ್ಯುತ್ತಾರೆ ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ನಾನು ಹ್ಞೂಂ ಎಂದೆ. ಮನೆಗೆ ಬಂದು ಹೇಳಿದೆ. "ಮೈನಿಂಗಿನೋಳೇನ್ಲೇ ಹಂಗಾರ?" ಎಂದು ಅಪ್ಪ ತಲೆ ಕೆರೆದುಕೊಂಡ.

ಕಂಪ್ಲಿಯದು ಇನ್ನೂ ಕೆಟ್ಟದಾಯಿತು. ಹೊಳೆಯ ಸೇತುವೆಯ ಮೇಲೆ ನಿಂತು ಅವಳು ಭತ್ತದ ಗದ್ದೆಗಳನ್ನು ನೋಡುತ್ತಿದ್ದಳು. ಕೊಯ್ದ ಗದ್ದೆ ಹುಲ್ಲಿನ ಬಣ್ಣ, ಕೊಯ್ಯದ್ದು ಹಳದಿ, ತಡವಾಗಿ ನಾಟಿ ಮಾಡಿದ್ದು ಹಸಿರು, ನಡುವೆ ಬದುಗಳ ಡೊಂಕು ಗೆರೆ. ಎಮ್ಮಿಗನೂರಿನ ಕಡೆಯ ರೈತನೊಬ್ಬ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಅವಳು ಅವನನ್ನು ನಿಲ್ಲಿಸಿ, "ಯಾರ ಹೊಲ ಎಲ್ಲಿಗೆ ಮುಗಿಯುತ್ತೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

ಅವನು ಸೈಕಲ್ ಸ್ಟ್ಯಾಂಡ್ ಹಾಕಿದ. "ನೀವು ಯಾರ ಕಡೇರು?"

"ಯಾರ ಕಡೆಯವಳೂ ಅಲ್ಲ. ಸುಮ್ಮನೆ."

"ಸುಮ್ನ ಯಾರರ ಹೊಲದ ಹದ್ದ ಕೇಳ್ತಾರೇನ್ರಿ?" ಎಂದವನು ನನ್ನ ಕಡೆ ತಿರುಗಿ, "ಯಾರ ಮಗಳ ನೀನು?" ಎಂದ. ನಾನು ತಡಬಡಿಸದೆ ಬೇರೆ ಯಾರದೋ ಹೆಸರು ಹೇಳಿದೆ. ಬಸ್ಸಿನಲ್ಲಿ ಅವಳು ನನ್ನನ್ನೇ ನೋಡಿ, "ನಿಮ್ಮಪ್ಪನ ಹೆಸರು ಅದಲ್ವಲ್ಲ," ಎಂದಳು. ಕಮಲಾಪುರ ಬರುವವರೆಗೂ ನಾನು ಕಿಟಕಿಯಾಚೆಯ ಬಾಳೆತೋಟ ನೋಡುತ್ತ ಕೂತಿದ್ದೆ. ನಾನು ಅವಳ ಮೇಲೆ ಕಣ್ಣಿಟ್ಟಿದ್ದೇನೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೇ? ಗೊತ್ತಿದ್ದೂ ಯಾಕೆ ಕರೆದೊಯ್ಯುತ್ತಿದ್ದಳು? ಈ ಪ್ರಶ್ನೆಯನ್ನು ಅಪ್ಪನಿಗೆ ಹೇಳಲಿಲ್ಲ. ಉಳಿದದ್ದನ್ನೆಲ್ಲ ಹೇಳಿದೆ.

"ನಾಳೆ ಕೋಣಿ ಖಾಲಿ ಮಾಡ್ರಿ ಅಂತೀನಿ," ಎಂದ ಅಪ್ಪ.

ಅಷ್ಟು ದಿನ ಸುಮ್ಮನಿದ್ದ ಅಜ್ಜಿ ಆಗ ಬಾಯಿಬಿಟ್ಟಳು. "ಅಕಿ ಹೊಲಿಯಾಕಿ ಅಂತ ಹೇಳ್ಯಾಳಲ್ಲ. ಹೊಲೀಲಿ. ಕೈ ನೋಡಿದ್ರ ತಿಳಿತೈತಿ. ನೀ ತಡಿ."

ಮರುದಿನ ಬೇವಿನ ಮರದ ಕೆಳಗೆ ಕೌದಿ ಹರಡಿ, ಅಜ್ಜಿ ಅವಳನ್ನು ಕರೆದಳು. "ಬಾರವಾ ಮೈಸೂರಕ್ಕ, ಕುಂದ್ರು ಇಲ್ಲಿ. ಒಂದು ಸಾಲು ಹಾಕು."

ಹುಲಿಗೆಮ್ಮನೂ ಬಂದು ಎದುರಿಗೆ ಕೂತಳು. ಅವಳ ಕಣ್ಣು ತನ್ನ ಸೂಜಿಯ ಮೇಲೆ ಇರಲೇ ಇಲ್ಲ. ಮೈಸೂರಕ್ಕ ತನ್ನ ಚೀಲದಿಂದ ನೀಲಿ ದಾರ ತೆಗೆದಳು. ನಮ್ಮದು ಬಿಳಿ ದಾರ, ಅಜ್ಜಿ ಬೇಡವೆನ್ನಲಿಲ್ಲ. ಅವಳ ಹೊಲಿಗೆ ನಮ್ಮದರಷ್ಟು ಉದ್ದುದ್ದ ಅಲ್ಲ, ಜೋಳದ ಕಾಳಿನಷ್ಟು ಸಣ್ಣದು, ಒಂದರ ಹಾಗೆ ಇನ್ನೊಂದು. ಬೇವಿನ ಹೂವು ಉದುರಿ ಕೌದಿಯ ಮೇಲೆ ಬಿದ್ದರೆ ಅವಳು ಊದಿ ಸರಿಸುತ್ತಿದ್ದಳೇ ಹೊರತು ಕೈ ನಿಲ್ಲಿಸುತ್ತಿರಲಿಲ್ಲ.

"ಭಾಳ ಸಣ್ಣ ಹಾಕ್ತೀ," ಎಂದಳು ಹುಲಿಗೆಮ್ಮ. "ನಿಮ್ಮ ಆಫೀಸ್ನಾಗ ಕಲಿಸಿದ್ರೇನು?"

"ಯಾವ ಆಫೀಸು?"

"ಯಾವ್ದರ ಇರ್ತೈತಲ್ಲ."

"ನಮ್ಮಮ್ಮ ಕಲಿಸಿದ್ದು," ಎಂದು ಮೈಸೂರಕ್ಕ ತಲೆ ಎತ್ತದೆ ಹೇಳಿದಳು. "ತಪ್ಪಿದರೆ ಬೆರಳಿಗೆ ಚುಚ್ಚೋರು."

ಅಜ್ಜಿ ಆ ಬೆರಳನ್ನೇ ನೋಡುತ್ತಿದ್ದಳು. ನಾಲ್ಕು ದಿನ ಹೀಗೇ ಕೂತರು. ಅವ್ವ ಮಜ್ಜಿಗೆ ತಂದುಕೊಡುತ್ತಿದ್ದಳು. ಒಂದು ಸಂಜೆ ಹುಲಿಗೆಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು, "ತಿನ್ನವಾ, ನೀ ಯಾರರ ಆಗು, ಹೊಟ್ಟಿ ಅಂತೂ ಐತಲ್ಲ," ಎಂದು ಅವಳ ಮುಂದೆ ಇಟ್ಟಳು. ಖಾರಕ್ಕೆ ಮೈಸೂರಕ್ಕನ ಮೂಗಿನಲ್ಲಿ ನೀರು ಬಂದು ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಆದರೆ ಕೋಣೆ ಖಾಲಿ ಮಾಡು ಎನ್ನುವ ಮಾತನ್ನು ಮತ್ತೆ ಎತ್ತಲಿಲ್ಲ.

ನೀಲಿ ಸಾಲು ಕೌದಿಯನ್ನು ಒಂದು ಸುತ್ತು ಪೂರ್ತಿ ಬಳಸಿ ಬಂತು. ಹೊಟ್ಟೆ ಇನ್ನೂ ದೂರವಿತ್ತು, ಅವಳು ಹೊರಡುವ ದಿನ ಬಂತು.

"ಅಜ್ಜಿ, ಹೊಟ್ಟೆ ತುಂಬಿಸೋದನ್ನ ನಾನು ನೋಡಬೇಕು. ಮಳೆಗೆ ಮುಂಚೆ ಬರ್ತೀನಿ. ಅಲ್ಲೀವರೆಗೆ ಮುಚ್ಚಬೇಡಿ."

"ಅಂಗೈ ಅಷ್ಟು ಬಿಟ್ಟಿರ್ತೀನಿ. ಬಾ," ಎಂದಳು ಅಜ್ಜಿ.

ಅಪ್ಪನಿಗೆ ಒಂದು ಫೋನ್ ನಂಬರು ಕೊಟ್ಟು, ನನಗೆ ಗಂಟುಗಳಿದ್ದ ಒಂದು ಕೆಂಪು ದಾರ ಕೊಟ್ಟು, ಅವಳು ಬಸ್ಸು ಹತ್ತಿದಳು.

ಮಳೆಗೆ ಮುಂಚೆ ಬಂದದ್ದು ಜೀಪು. ಅದರಿಂದ ಇಳಿದವರ ಕೈಯಲ್ಲಿ ದಾರವಿರಲಿಲ್ಲ, ಟೇಪು ಇತ್ತು. ನಮ್ಮ ಓಣಿಯ ಹಿತ್ತಲುಗಳನ್ನೆಲ್ಲ ಅಳೆದು, ಕೋಣೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ ಬರೆದು ಹೋದರು. ನಮ್ಮ ಹಿಂಗೋಡೆಯ ಮೇಲೆ ಅಂಕಿ ಬಿದ್ದದ್ದು ಅವಳು ನಿಂತು ದಾರ ಹಿಡಿದಿದ್ದ ಜಾಗದಲ್ಲೇ. ಗೋಡೆ ಇದ್ದದ್ದೇ ಅಷ್ಟು, ಬೇರೆಲ್ಲಿ ಬರೆದಾರು ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ.

"ನಾ ಹೇಳಿದ್ನಿಲ್ಲ?" ಎಂದು ಹುಲಿಗೆಮ್ಮ ಎದೆ ಬಡಿದುಕೊಂಡಳು. "ಮಿರ್ಚಿ ತಿನಿಸಿದ್ನಲ್ಲೇ ಅಕಿಗೆ ನಾನು!"

ಅಪ್ಪ ನಂಬರಿಗೆ ಫೋನ್ ಮಾಡಿದ. ಹತ್ತಲಿಲ್ಲ. ಆ ವಾರವೆಲ್ಲ ಮಾಡಿದ, ಹತ್ತಲಿಲ್ಲ. ಕೊನೆಗೆ ಸಿಟ್ಟಿನಲ್ಲಿ ಅಜ್ಜಿಯ ಮುಂದೆ ನಿಂತ. "ಬಿಚ್ಚವಾ ಆ ನೀಲಿ ಸಾಲು. ಮನ್ಯಾಗ ಇರಬಾರ್ದು ಅದು."

ಅಜ್ಜಿಯ ಕೌದಿ ಅಷ್ಟರಲ್ಲಿ ಅಂಗೈಯಷ್ಟು ಉಳಿದಿತ್ತು. ಅದನ್ನು ಮಡಿಲಿಗೆ ಎಳೆದುಕೊಂಡಳು.

"ಅಕಿನ ಮಾಡ್ಯಾಳ ಅಂತ ನಿನಗ ಗೊತ್ತೈತಿ?"

"ಮತ್ಯಾರು?"

"ಗೊತ್ತೈತೋ ಇಲ್ಲೋ, ಅಷ್ಟ ಹೇಳು."

ಅಪ್ಪ ಹಿಂಗೋಡೆಯ ಮೇಲಿನ ಕೆಂಪು ಅಂಕಿಯ ಕಡೆ ತಿರುಗಿದ.

"ಗೊತ್ತಾದ ದಿನ ಬಿಚ್ಚತೀನಿ."

"ಹಂಗಾರ ಹೊಟ್ಟಿ ಮುಚ್ಚಿ ಬಿಡು. ಅಷ್ಟು ನಂಬಿಕಿ ಇದ್ರ ಮುಚ್ಚು ನೋಡೋಣು."

ಅಜ್ಜಿ ಬಹಳ ಹೊತ್ತು ಸೂಜಿಯನ್ನು ಸೆರಗಿಗೆ ಚುಚ್ಚುತ್ತ, ತೆಗೆಯುತ್ತ ಕೂತಿದ್ದಳು. "ಅಕಿ ಮಾಡಿಲ್ಲ ಅಂತಾನೂ ನನಗ ಗೊತ್ತಿಲ್ಲಲೋ," ಎಂದಳು.

ಮಳೆಗಾಲ ಮುಗಿಯುವುದರೊಳಗೆ ಕೋಣೆಗಳು ಹೋದವು. ಅಪ್ಪ ಆಯ್ದು ತಂದಿದ್ದ ಕಲ್ಲುಗಳು ಮತ್ತೆ ಬಿಡಿಬಿಡಿಯಾಗಿ ಬೇವಿನ ಬುಡದಲ್ಲಿ ಬಿದ್ದಿದ್ದವು. ಚಳಿಗಾಲ ಬಂದಾಗ ಬಾಡಿಗೆಗೆ ಕೊಡಲು ಏನೂ ಇರಲಿಲ್ಲ. ನಾವು ಹೊಸಪೇಟೆಯಲ್ಲಿ ಬಾಡಿಗೆಮನೆ ಹಿಡಿದೆವು, ಅಪ್ಪ ಲಾಡ್ಜೊಂದರಲ್ಲಿ ಕೆಲಸಕ್ಕೆ ಸೇರಿ ಬೇರೆಯವರ ಕೋಣೆಗಳ ಬೀಗದ ಕೈ ಕೊಡತೊಡಗಿದ. ಆ ಮನೆಗೆ ಹಿತ್ತಲಿರಲಿಲ್ಲ. ಅಜ್ಜಿ ಮತ್ತೆ ಕೌದಿ ಹರಡಲಿಲ್ಲ. ನಾನು ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೊರಟಾಗ ಅದನ್ನು ಮಡಿಸಿ ನನ್ನ ಪೆಟ್ಟಿಗೆಗೆ ಹಾಕಿ, "ಹಾಸ್ಕೊ. ಹೊದಿಬ್ಯಾಡ," ಎಂದಳು. ಅವಳು ತೀರಿಕೊಂಡು ಕೆಲವು ವರ್ಷಗಳಾದವು.

ಈಗ ರಜೆ ಸಿಕ್ಕಾಗ ನಾನೂ ಸೂಜಿ, ಬಟ್ಟೆ ಚೂರು ಚೀಲಕ್ಕೆ ಹಾಕಿಕೊಂಡು ತಿರುಗುತ್ತೇನೆ. ಕಂಡದ್ದನ್ನು ದಾರದಲ್ಲಿ ಗಂಟು ಹಾಕಿ ಅಳೆದುಕೊಳ್ಳುತ್ತೇನೆ. ಅದನ್ನು ಯಾರಿಂದ ಕಲಿತೆ ಎಂದು ಕೇಳಿದವರಿಗೆ ಅಜ್ಜಿಯ ಹೆಸರು ಹೇಳುತ್ತೇನೆ. ಕಳೆದ ಬೇಸಿಗೆಯಲ್ಲಿ ಕಡ್ಡಿರಾಂಪುರದಲ್ಲೇ ಒಂದು ಹೋಂಸ್ಟೇಯಲ್ಲಿ ಉಳಿದೆ. ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡು ಬೀಗದ ಕೈ ಕೊಟ್ಟರು. ಬೆಳಿಗ್ಗೆ ಅವರ ಗೋಡೆಯ ಮುಂದೆ ದಾರ ಹಿಡಿದು ಬೇಕೆಂದೇ ತುಂಬ ಹೊತ್ತು ನಿಂತೆ. ಏನು ಅಳೆಯುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಹುಲಿಗೆಮ್ಮನ ಕಟ್ಟೆ ಇದ್ದ ಕಡೆ ಸ್ಕೂಟರುಗಳು ನಿಂತಿದ್ದವು. ಸಂಶಯ ಬಂದರೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಸೂಜಿ ಕೊಟ್ಟು, ಮಜ್ಜಿಗೆ ಕುಡಿಸಿ ನೋಡುತ್ತಿದ್ದ ಆ ಊರು ನನ್ನನ್ನು ಒಂದು ಸಲ ಅನುಮಾನಿಸಲಿ ಎಂದು ನಾನು ಕಾದಿದ್ದೆ.

ಕೌದಿ ಈಗ ನನ್ನ ಮಂಚದ ಮೇಲಿದೆ. ಬಿಳಿ ಸಾಲುಗಳು ಮಾಸಿವೆ, ನೀಲಿ ಇನ್ನೂ ಹಾಗೇ ಇದೆ. ನಡುವೆ ಅಂಗೈಯಷ್ಟು ಜಾಗ ತೆರೆದಿದೆ. ಬೆರಳು ತೂರಿಸಿದರೆ ಒಳಗಿನ ಅವ್ವನ ಹಸಿರು ಸೀರೆ ಸಿಗುತ್ತದೆ. ಒಂದು ಡಬ್ಬಿಯಲ್ಲಿ ಜೋಳ, ಅರಿಶಿನ ಇಟ್ಟುಕೊಂಡಿದ್ದೇನೆ, ಹುಳ ಬಿದ್ದಾಗ ಬದಲಿಸುತ್ತೇನೆ. ಈ ಕಾಲದಲ್ಲಿ ಮೈಸೂರಕ್ಕನನ್ನು ಹುಡುಕುವುದು ಕಷ್ಟವಲ್ಲ. ಹೆಸರು, ಊರು, ಮಾಡುವ ಕೆಲಸ ಮೂರೂ ಗೊತ್ತಿವೆ, ಫೋನಿನಲ್ಲಿ ಬರೆದರೆ ಸಾಕು. ನಾನು ಬರೆದಿಲ್ಲ. ಹುಡುಕಿದರೆ ಒಂದೋ ಆ ಸಾಲನ್ನು ಬಿಚ್ಚಬೇಕಾಗುತ್ತದೆ, ಇಲ್ಲ ಹೊಟ್ಟೆಯನ್ನು ಮುಚ್ಚಬೇಕಾಗುತ್ತದೆ. ಚಳಿಯಾದರೆ ಶಾಲು ಹೊದ್ದು, ಕೌದಿಯ ಮೇಲೆ ಮಲಗುತ್ತೇನೆ.