ಪರೀಕ್ಷೆಯವರೆಗೆ ಇರುವ ದೇಶ

ಎರಡನೇ ಮಹಾಯುದ್ಧ ಶುರುವಾಗುವ ಸ್ವಲ್ಪ ಮೊದಲಿನ ಮಾತು. ಮಂಗಳೂರಿನ ಕಾಲೇಜಿನಲ್ಲಿ ದೇಶ ದೇಶಗಳ ಸಂಬಂಧದ ಪಾಠವೆಂದರೆ ಲೆಕ್ಚರರು ತಮ್ಮ ಹಳದಿಗಟ್ಟಿದ ನೋಟ್ಸನ್ನು ಓದುವುದು, ನಾವು ಬರೆದುಕೊಳ್ಳುವುದು, ಅಷ್ಟೇ.

ಒಂದು ದಿನ ಅವರು, "ಜೆಕೊಸ್ಲೊವಾಕಿಯದ ಗಡಿಗೆ ಒಪ್ಪಂದಗಳ ಭದ್ರ ರಕ್ಷಣೆ ಉಂಟು" ಎಂದು ಬರೆಸಿದರು. ನನ್ನ ಪಕ್ಕದಲ್ಲಿದ್ದ ಕುದ್ರೋಳಿಯ ಹಸನಬ್ಬ ಎದ್ದು ನಿಂತ. ಅವನ ತಂದೆಗೆ ಬಂದರಿನಲ್ಲಿ ಚಿಮಿಣಿ ಎಣ್ಣೆಯ ಅಂಗಡಿ. ಅವರಿಗೆ ದಿನಾ ಪೇಪರು ಓದಿ ಹೇಳುವವನು ಇವನೇ.

"ಸರ್, ಆ ದೇಶವನ್ನು ಜರ್ಮನಿ ನುಂಗಿ ನಾಲ್ಕು ತಿಂಗಳಾಯಿತು."

"ಸಿಲೆಬಸ್ಸಿನಲ್ಲಿ ಉಂಟಲ್ಲ? ಪರೀಕ್ಷೆ ಮುಗಿಯುವವರೆಗೆ ಅದು ಇರ್ತದೆ. ಕೂತುಕೋ!"

ಪಾಪ, ಜರ್ಮನಿಯ ಸೈನ್ಯಕ್ಕೆ ಇದನ್ನು ಯಾರೂ ತಿಳಿಸಿರಲಿಲ್ಲ.

ಅದೇ ಸಂಜೆ ನಾನು ಹಸನಬ್ಬನ ತಂದೆಯ ಎಣ್ಣೆ ಅಂಗಡಿಯಲ್ಲಿ ಅವನ ಜೊತೆ ಚಾ ಕುಡಿಯುತ್ತಿದ್ದಾಗ ಲೆಕ್ಚರರು ಕೊಡೆ ಮಡಚುತ್ತಾ ಒಳಗೆ ಬಂದರು. ನನ್ನನ್ನು ಕಂಡು ಅವರಿಗೆ ಕಸಿವಿಸಿಯಾಯಿತು. ಆದರೂ ದನಿ ತಗ್ಗಿಸಿ ಹಸನಬ್ಬನನ್ನು ಕೇಳಿದರು:

"ಅಲ್ಲ ಮಾರಾಯ, ಯುದ್ಧ ಆಗ್ತದೋ ಎಂತ? ಎಣ್ಣೆ ಈಗಲೇ ತೆಗೆದಿಡುವುದು ಒಳ್ಳೆಯದೋ?"

ಹಸನಬ್ಬ ತರಗತಿಯಲ್ಲಿ ನಿಲ್ಲುವ ಹಾಗೆಯೇ ಎದ್ದು ನಿಂತ.

"ಸಿಲೆಬಸ್ಸಿನಲ್ಲಿ ಯುದ್ಧ ಇಲ್ಲವಲ್ಲ ಸರ್."

ಲೆಕ್ಚರರು ನಾಲ್ಕು ಡಬ್ಬ ಎಣ್ಣೆ ಹೊರಿಸಿಕೊಂಡು ಮಣ್ಣಗುಡ್ಡದ ಮನೆಗೆ ಹೋದರು. ಅವರ ನೋಟ್ಸನ್ನು ನಂಬಬೇಕಾದವರು ನಾವು ಮಾತ್ರ.